ತಮ್ಮನ ಕೈಮಾತು, ರಾಮದುರ್ಗದ ಅಕ್ಕೋರು

ಮೊನ್ನೆ ಬೈಲಹೊಂಗಲದ ಹಲ್ಲಿನ ಡಾಕ್ಟರು ನನ್ನ ದವಡೆ ಹಲ್ಲಿನ ತೂತಿಗೆ ಲವಂಗದೆಣ್ಣೆ ಅದ್ದಿದ ಹತ್ತಿ ತುರುಕಿ, ಒಂದು ತಾಸು ಬಾಯಿ ತೆರೆಯಬೇಡಿ ಎಂದರು. ಒಂದು ತಾಸು ಬಾಯಿ ಮುಚ್ಚಿಕೊಂಡು ಕೂರುವುದು ನನ್ನಂಥವಳಿಗೆ ಸಣ್ಣ ಶಿಕ್ಷೆಯಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತೆ. ಆ ವಾಸನೆ ನಾಲಿಗೆಯಿಂದ ಮೂಗಿಗೆ, ಮೂಗಿನಿಂದ ನೆತ್ತಿಗೆ ಏರಿತು. ಹಲ್ಲು ನೋವು ಇಳಿಯಿತು, ಇನ್ನೊಂದು ನೋವು ಎದ್ದಿತು. ರಾಮದುರ್ಗದ ಅಕ್ಕೋರು ಬಂದು ಪಕ್ಕದಲ್ಲೇ ಕುಳಿತ ಹಾಗಾಯಿತು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಎನ್ನುವುದು ರೂಢಿ. ಇವರು ರಾಮದುರ್ಗದಲ್ಲಿ ಕಿವುಡ ಮಕ್ಕಳ ವಸತಿ ಶಾಲೆಯೊಂದರಲ್ಲಿ ಕಲಿಸುತ್ತಿದ್ದರು. ಬಾಯಲ್ಲಿ ಸದಾ ಒಂದು ಲವಂಗ. ಅದು ಚಟವಲ್ಲ, ಕಸುಬಿನ ಶಿಸ್ತು. ಅವರ ಮಕ್ಕಳು ತುಟಿ ನೋಡಿ ಮಾತು ತಿಳಿಯಬೇಕಿತ್ತು. ಗೇಣು ದೂರದಲ್ಲಿ ಮುಖ ಇಟ್ಟುಕೊಂಡು ದಿನವಿಡೀ ಕುಳಿತಿರುವ ಮಗುವಿಗೆ ನನ್ನ ಬಾಯಿ ನಾರಬಾರದು ಎನ್ನುತ್ತಿದ್ದರು. ಇಂಥ ಸಣ್ಣ ಸಣ್ಣ ವಿಷಯವನ್ನೂ ಯೋಚಿಸಿ ಇಟ್ಟಿರುತ್ತಿದ್ದರು. ಅದಕ್ಕೇ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಮುಚ್ಚುಮರೆ ಏಕೆ? ನನಗೆ ಅವರ ಮೇಲೆ ಹೊಟ್ಟೆಕಿಚ್ಚಿತ್ತು. ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವುದು ಒಳ್ಳೆಯದಲ್ಲ ಎಂದು ಗೊತ್ತು. ಆದರೂ...

ನಾವು ಪಿಂಜಾರರು. ಬೈಲಹೊಂಗಲದ ಪೇಟೆಯಲ್ಲಿ ಅಪ್ಪನ ಗಾದಿ ಅಂಗಡಿ, ಅದರ ಹಿಂದೆಯೇ ಮನೆ. ಅಪ್ಪ ಹತ್ತಿ ಹಿಂಜುವ ದೊಡ್ಡ ಬಿಲ್ಲು ಮೀಟಿದರೆ ಇಡೀ ಓಣಿಗೆ ಕೇಳುತ್ತಿತ್ತು, ನನ್ನ ತಮ್ಮನೊಬ್ಬನನ್ನು ಬಿಟ್ಟು. ಅವನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ನನಗಿಂತ ನಾಲ್ಕು ವರ್ಷ ಚಿಕ್ಕವನು. ಅವನೂ ನಾನೂ ಸೇರಿ ನಮ್ಮದೇ ಒಂದು ಕೈಮಾತು ಕಟ್ಟಿಕೊಂಡಿದ್ದೆವು. ಬಿಲ್ಲು ಮೀಟಿದಂತೆ ಬೆರಳಾಡಿಸಿದರೆ ಅಪ್ಪ, ಅಂಗೈಗೆ ಅಂಗೈ ತಟ್ಟಿದರೆ ರೊಟ್ಟಿ ಬಡಿಯುವ ಅವ್ವ, ಜಡೆ ಎಳೆದಂತೆ ಮಾಡಿದರೆ ನಾನು. ಅಪ್ಪ ಅವ್ವನಿಗೆ ಊಟ, ನೀರು, ಬಾ, ಹೋಗು ಇಷ್ಟರಾಚೆ ಏನೂ ತಿಳಿಯುತ್ತಿರಲಿಲ್ಲ. ಉಳಿದದ್ದೆಲ್ಲ ನನ್ನ ಬಾಯಿಂದಲೇ ಆಗಬೇಕು. ಬಂದವರು ಹೋದವರೆಲ್ಲ, ಏನಂತಾನ ಕೇಳವಾ, ಎಂದು ನನ್ನ ಮುಖ ನೋಡುತ್ತಿದ್ದರು. ಎಂಟು ಹತ್ತು ವರ್ಷದ ಹುಡುಗಿಗೆ ಇದಕ್ಕಿಂತ ದೊಡ್ಡಸ್ತಿಕೆ ಇನ್ನೇನು ಬೇಕು? ಅವನು ಒಂದು ಉಂಡಿ ಕೇಳಿದರೆ ನಾನು ಎರಡು ಕೇಳುತ್ತಿದ್ದೆ. ಒಂದು ಅವನಿಗೆ, ಒಂದು ಅವನ ಪರವಾಗಿ ಆಡಿದ ಬಾಯಿಗೆ. ಯಾರಾದರೂ ಅವನನ್ನು ಮೂಕಪ್ಪ ಎಂದು ಆಡಿಕೊಂಡರೆ, ನೀನು ಭಾರೀ ಶಾಣ್ಯಾ ಅನ್ನುತ್ತಿದ್ದಾರೆ ಎಂದು ಅವನಿಗೆ ತಿಳಿಸುತ್ತಿದ್ದೆ. ಹೀಗೆ ಮಾತನ್ನು ತುಸು ತಿದ್ದಿ ದಾಟಿಸುವುದು ನನಗೆ ಚಿಕ್ಕಂದಿನಿಂದ ರೂಢಿ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತಮ್ಮನಿಗೆ ಎಂಟು ವರ್ಷ. ಒಂದು ಬೇಸಿಗೆಯಲ್ಲಿ ಅಕ್ಕೋರು ಕಿವಿ ಕೇಳಿಸದ ಮಕ್ಕಳನ್ನು ಹುಡುಕುತ್ತ ಊರೂರು ತಿರುಗಿ ನಮ್ಮ ಅಂಗಡಿಗೂ ಬಂದರು. ಗಿಡ್ಡ ಆಳು, ಹೆಗಲಿಗೆ ಬಟ್ಟೆಯ ಚೀಲ, ಕೈಗೆ ಗಂಡಸರ ಗಡಿಯಾರ. ತಮ್ಮ ಎಂದಿನಂತೆ ಅಪ್ಪನ ಬಿಲ್ಲಿನ ಕಟ್ಟಿಗೆಗೆ ಅಂಗೈ ಒತ್ತಿಕೊಂಡು ಕುಳಿತಿದ್ದ. ಅಕ್ಕೋರು ಅಪ್ಪನನ್ನು ಮಾತಾಡಿಸಲೂ ಇಲ್ಲ. ಹತ್ತಿಯ ರಾಶಿಯ ನಡುವೆ ನೆಲದ ಮೇಲೆ ಕುಳಿತು, ಅವನ ಅಂಗೈಯನ್ನು ಬಿಲ್ಲಿನಿಂದ ತೆಗೆದು ಗಂಟಲಿನ ಮೇಲೆ ಇಟ್ಟುಕೊಂಡು, ಅಪ್ಪಾ, ಎಂದರು. ಆಮೇಲೆ ಅದೇ ಅಂಗೈಯನ್ನು ಅವನ ಗಂಟಲಿಗೇ ಇಟ್ಟರು. ನಾಲ್ಕನೆಯ ಸಲವೋ ಐದನೆಯ ಸಲವೋ ಅವನಿಂದ ಒಂದು ಒರಟು ಸದ್ದು ಹೊರಟಿತು. ಅದು ಅಪ್ಪಾ ಎಂದೇನೂ ಇರಲಿಲ್ಲ. ಆದರೆ ಅಪ್ಪನ ಬಿಲ್ಲು ನಿಂತಿತು.

ಆ ಬಿಲ್ಲಿನ ಮೇಲೆ ಅವನ ಅಂಗೈ ಇರುವುದನ್ನು ನಾನು ದಿನಾ ನೋಡಿದ್ದೆ. ಹುಡುಗಾಟ ಎಂದುಕೊಂಡಿದ್ದೆ. ಅವನು ಅಂಗೈಯಿಂದ ಕೇಳುತ್ತಿದ್ದಾನೆ ಎಂದು ತಿಳಿಸಿಕೊಡಲು ರಾಮದುರ್ಗದಿಂದ ಯಾರೋ ಬರಬೇಕಾಯಿತೇ? ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಒಳಗೆ ಹೋಗಿ ಸಕ್ಕರೆ ಹಾಕದೆ ಚಹಾ ಮಾಡಿ ತಂದುಕೊಟ್ಟೆ. ಅಕ್ಕೋರು ಅದನ್ನು ಚೆನ್ನಾಗಿದೆ ಎಂದು ಹೇಳಿ ಕುಡಿದರು.

ತಮ್ಮ ರಾಮದುರ್ಗದ ಹಾಸ್ಟೆಲ್ಲು ಸೇರಿದ. ದಸರೆ ರಜೆಗೆ, ಬೇಸಿಗೆ ರಜೆಗೆ ಬರುತ್ತಿದ್ದ. ಪ್ರತಿ ಸಲವೂ ಅವನ ಕೈಗಳ ವೇಗ ಹೆಚ್ಚಿರುತ್ತಿತ್ತು. ನನಗೆ ಗೊತ್ತಿಲ್ಲದ ಗುರುತುಗಳು ಬಂದು ಸೇರಿರುತ್ತಿದ್ದವು. ಹೇಳಿಕೊಡು ಎಂದರೆ ಹೇಳಿಕೊಡುತ್ತಿದ್ದ, ಆದರೆ ಅರ್ಧಕ್ಕೆ ಬೇಸರವಾಗಿ ಕೈ ಬೀಸಿ ಓಡುತ್ತಿದ್ದ. ಕೆನ್ನೆಗೆ ಒಂದು ಬೆರಳು ಒತ್ತಿದರೆ ಅಕ್ಕೋರು, ಲವಂಗ ಇಟ್ಟುಕೊಂಡ ಕೆನ್ನೆ ಅದು. ಒಂದು ಊಟ ಮುಗಿಯುವುದರೊಳಗೆ ಅವನ ಬೆರಳು ಹನ್ನೊಂದು ಸಲ ಕೆನ್ನೆಗೆ ಹೋದದ್ದನ್ನು ನಾನು ಎಣಿಸಿದ್ದೇನೆ. ಜಡೆಗೆ ಎರಡೇ ಸಲ, ಅದೂ ಪಲ್ಯ ಬಡಿಸು ಎನ್ನಲಿಕ್ಕೆ.

ಹತ್ತು ವರ್ಷದ ಮೇಲೆ ಎಸ್ಸೆಸ್ಸೆಲ್ಸಿ ಪಾಸಾಗಿ ಅವನು ಟ್ರಂಕು ಸಮೇತ ಮನೆಗೆ ಬಂದ. ನಾನು ಅಷ್ಟರಲ್ಲಿ ಬಿ.ಎ. ಮುಗಿಸಿ ಟೈಪಿಂಗ್ ಕಲಿಯುತ್ತಿದ್ದೆ. ಆ ಟ್ರಂಕು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇನ್ನು ಇವನು ನಮ್ಮವನು ಎಂದುಕೊಂಡೆ. ನಮ್ಮವನು ಅಂದರೆ ನನ್ನವನು. ಹದಿನೈದು ದಿನವೂ ಕಳೆದಿರಲಿಲ್ಲ, ಅಕ್ಕೋರು ಬಂದಿಳಿದರು. ಅವರನ್ನು ಶಾಲೆ ನಡೆಸುವ ಸಂಸ್ಥೆಯವರು ಆ ವರ್ಷ ಕಿವುಡ ಮಕ್ಕಳ ಶಾಲೆಯಿಂದ ರಾಮದುರ್ಗದಲ್ಲೇ ಇದ್ದ ತಮ್ಮ ಕಾಲೇಜಿಗೆ ಕರೆಸಿಕೊಂಡಿದ್ದರು. ಹಳ್ಳಿಗಳಿಂದ ಬಂದು ಮೊದಲ ವರ್ಷವೇ ಫೇಲಾಗಿ ಮನೆ ಸೇರುವ ಹುಡುಗ ಹುಡುಗಿಯರನ್ನು ಹಿಡಿದು ನಿಲ್ಲಿಸುವುದು ಅಲ್ಲಿ ಅವರ ಕೆಲಸ. ಕಿವಿ ಕೇಳಿಸದ ಒಬ್ಬನನ್ನಾದರೂ ಪದವಿಯ ತನಕ ಒಯ್ಯಬೇಕು ಎಂಬುದು ಅದರ ಜೊತೆಗಿನ ಹಟ. ಆ ಒಬ್ಬ ನನ್ನ ತಮ್ಮ. ಕಾಲೇಜಿಗೆ ಹೆಸರು ಹಚ್ಚಲು ಎರಡೇ ದಿನ ಉಳಿದಿದ್ದವು.

ಅಪ್ಪ ಓದು ಬರಹ ಕಲಿತವನಲ್ಲ, ಆದರೆ ನ್ಯಾಯಸ್ಥ. ಮಗ ಏನು ಅಂತಾನೋ ಅದೇ ಆಗಲಿ ಎಂದ. ನನ್ನ ಕಡೆ ತಿರುಗಿದ.

"ಕೇಳವಾ ಅವಗ. ಕಾಲೇಜಿಗೆ ಹೊಕ್ಕಾನೋ, ಅಂಗಡ್ಯಾಗ ಕುಂದರತಾನೋ?"

ನಾನು ಸರಿಯಾಗಿಯೇ ಕೇಳಿದೆ, ಅದರಲ್ಲಿ ಮೋಸವಿಲ್ಲ. ತಮ್ಮನ ಎರಡೂ ಕೈ ಒಮ್ಮೆಲೇ ಎದ್ದವು. ಹೋಗುತ್ತೇನೆ, ಗೆಳೆಯರಿದ್ದಾರೆ, ಓದುತ್ತೇನೆ, ಗಾದಿ ಹೊಲಿಯುವುದು ನನಗೆ ಬೇಡ... ನಡುನಡುವೆ ಆ ಬೆರಳು ಕೆನ್ನೆಗೆ. ಮೂರನೆಯ ಸಲ ಅದು ಕೆನ್ನೆಗೆ ಹೋದಾಗ ನನಗೆ ತಡೆಯಲಾಗಲಿಲ್ಲ. ಅವನಿಗೆ ನನ್ನ ತುಟಿ ಕಾಣದಂತೆ ಅಪ್ಪನ ಕಡೆ ಮುಖ ತಿರುಗಿಸಿದೆ.

"ಒಲ್ಲೆ ಅಂತಾನಪಾ," ಎಂದೆ. "ಮನ್ಯಾಗ ಇರತೇನಿ ಅಂತಾನ."

ಹೇಳಿದ ಮೇಲೆ ನೆನಪಾಯಿತು. ಅವನ ಕೈಯನ್ನೂ ನನ್ನ ಬಾಯಿಯನ್ನೂ ಎರಡನ್ನೂ ಬಲ್ಲವರು ಒಬ್ಬರು ಎದುರಿಗೇ ಕುಳಿತಿದ್ದರು. ಅಕ್ಕೋರು ಚಹಾದ ಬಶಿಯನ್ನು ನೆಲಕ್ಕಿಟ್ಟರು. ಇನ್ನು ಹೇಳಿಬಿಡುತ್ತಾರೆ, ನನ್ನ ಮಾನ ಹೋಗುತ್ತದೆ ಎಂದು ಕಾದೆ.

"ನನ್ನ ಲಕ್ಷ್ಯ ಬ್ಯಾರೆ ಕಡೆ ಇತ್ತವಾ, ಸರಿ ನೋಡ್ಲಿಲ್ಲ," ಎಂದರು ಅವರು. "ಇನ್ನೊಮ್ಮೆ ಕೇಳು."

ಅವರ ಲಕ್ಷ್ಯ ಎಲ್ಲಿಗೂ ಹೋಗಿರಲಿಲ್ಲ. ನಾನು ಹಿಂದಕ್ಕೆ ಬರಲಿ ಎಂದು ಬಿಟ್ಟುಕೊಟ್ಟ ದಾರಿ ಅದು. ಅದು ನನಗೂ ಅರ್ಥವಾಯಿತು. ಮತ್ತೆ ಕೇಳಿದೆ. ತಮ್ಮ ದಡ್ಡಿಗೆ ತಿಳಿಸುವವನಂತೆ ಈ ಸಲ ನಿಧಾನವಾಗಿ, ಕೈ ಅಗಲಿಸಿ ಅದನ್ನೇ ಹೇಳಿದ. ನಾನೂ ಮೊದಲು ಹೇಳಿದ್ದನ್ನೇ ಹೇಳಿದೆ. ಒಲ್ಲೆ ಅಂತಾನ್ರಿ. ತಮ್ಮನಿಗೆ ಬೆನ್ನು ಹಾಕಿ, ಅವರ ಮುಖ ನೋಡಿಕೊಂಡೇ ಹೇಳಿದೆ. ಏನು ಮಾಡುತ್ತೀರಿ ಮಾಡಿ ಎಂಬ ಸೊಕ್ಕು. ಅಕ್ಕೋರು ಉಳಿದ ಚಹಾ ಕುಡಿದು ಎದ್ದರು. ತಮ್ಮನ ಭುಜ ತಟ್ಟಿ, ತಡಿ ಎಂಬಂತೆ ಅಂಗೈ ತೋರಿಸಿ ಹೊರಟುಹೋದರು. ಏನಾಯಿತು ಎಂದು ಅವನು ನನ್ನನ್ನು ಕೇಳಿದ. ಅಪ್ಪ ಬೇಡ ಅಂದ ಎಂದು ತಿಳಿಸಿದೆ. ಒಂದಿದ್ದ ಸುಳ್ಳು ಎರಡಾಯಿತು.

ಇನ್ನು ಅವರು ನಮ್ಮ ಹೊಸ್ತಿಲು ತುಳಿಯಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದರು. ತಿಂಗಳಿಗೆ ಎರಡು ಭಾನುವಾರ, ಸವದತ್ತಿ ಮೇಲೆ ಬರುವ ಬಸ್ಸಿಗೆ. ತಮ್ಮನ ತಲೆ ತಿರುಗಿಸಲು ಬಂದಿದ್ದಾರೆ ಎಂದು ನಾನು ಕಣ್ಣಿಟ್ಟು ಕಾದರೆ, ಅವರು ಅವನನ್ನು ನೋಡಿ ನಕ್ಕು, ನೇರ ಹೋಗಿ ಅಪ್ಪನ ಎದುರು ಕುಳಿತರು. ಮಗನ ಜೋಡಿ ಮಾತಾಡುವುದು ನಿಮಗೆ ಬೇಡವೇ ಎಂದು ಅಪ್ಪನನ್ನು ಕೇಳಿದರು. ಆ ವರ್ಷ ಅವರು ಪಾಠ ಹೇಳಿದ್ದು ತಮ್ಮನಿಗಲ್ಲ, ಅಪ್ಪನಿಗೆ.

ಅಪ್ಪ ಐವತ್ತು ದಾಟಿದವನು. ದಬ್ಬಣ ಹಿಡಿದು ಹಿಡಿದು ಗಡುಸಾದ ಬೆರಳುಗಳು, ಮಡಚು ಎಂದರೆ ಮಡಚವು, ಬಿಡಿಸು ಎಂದರೆ ಬಿಡಿಸವು. ಊಟ ಆಯಿತೇ ಎಂದು ಕೇಳಲು ಹೋಗಿ ಇನ್ನೇನೋ ಕೇಳಿದಾಗ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕದ್ದುಂಟು. ಅಪ್ಪ ಅವನನ್ನು ನಗಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವ್ವನೂ ಸೆರಗಿನ ಮರೆಯಲ್ಲಿ ನಾಲ್ಕು ಗುರುತು ಕಲಿತಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಪ್ಪ ಒಬ್ಬನೇ ಕುಳಿತು ಬೆರಳಾಡಿಸುತ್ತಿದ್ದ. ನಾನು ಒಳಗೆ ಚಹಾ ಕುದಿಸುತ್ತ, ಇದು ನಾಲ್ಕು ದಿನದ ಆಟ ಎಂದುಕೊಳ್ಳುತ್ತಿದ್ದೆ. ಇಷ್ಟು ವರ್ಷ ಅದೇ ಮನೆಯಲ್ಲಿದ್ದ ನಾನು ಅಪ್ಪನಿಗೆ ಆ ಗುರುತುಗಳನ್ನು ಯಾವಾಗ ಬೇಕಾದರೂ ಕಲಿಸಬಹುದಿತ್ತು. ನನಗೆ ಹೊಳೆಯಲಿಲ್ಲ ಎಂದು ಬರೆಯಹೊರಟಿದ್ದೆ. ಹೊಳೆದಿತ್ತು. ಕಲಿಸಲಿಲ್ಲ.

ಮರುವರ್ಷ ಕಾಲೇಜು ಶುರುವಾಗುವ ಮುಂಚೆ ಒಂದು ಭಾನುವಾರ. ಅಕ್ಕೋರು ಬಂದು ಕುಳಿತಿದ್ದರು. ಅಪ್ಪ ದಬ್ಬಣ ಪಕ್ಕಕ್ಕಿಟ್ಟು, ಕೈಗೆ ಅಂಟಿದ ಹತ್ತಿ ಒರೆಸಿಕೊಂಡು, ಮಗನ ಮುಂದೆ ಕುಳಿತ. ನನ್ನನ್ನು ಕರೆಯಲಿಲ್ಲ. ತಾನೇ ಕೈಯೆತ್ತಿ ಕೇಳಿದ. ನೀನು. ದೊಡ್ಡ ಶಾಲೆ. ಹೋಗುವ ಮನಸ್ಸು ಇದೆಯಾ? ಸೊಟ್ಟಸೊಟ್ಟಾಗಿತ್ತು, ಆದರೆ ತಪ್ಪಿರಲಿಲ್ಲ. ತಮ್ಮ ದಂಗಾಗಿ ಅಪ್ಪನನ್ನು ನೋಡಿದ. ಬೇಡ ಅಂದವನು ನೀನೇ ಅಲ್ಲವೇ ಎಂದು ತಿರುಗಿ ಕೇಳಿದ. ಅದು ಅಪ್ಪನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಆಮೇಲೆ ತಮ್ಮ ನನ್ನ ಕಡೆ ನೋಡಿದ... ಬಹಳ ಹೊತ್ತು ನೋಡಿದ. ಮತ್ತೆ ಅಪ್ಪನ ಕಡೆ ತಿರುಗಿ, ಹೋಗುತ್ತೇನೆ ಎಂದು ಕೈ ಮಾಡಿದ. ಅದು ಅಪ್ಪನಿಗೆ ತಿಳಿಯಿತು.

ಹೋದ ವರ್ಷ ಒಲ್ಲೆ ಅಂದಿದ್ದನಲ್ಲ ಎಂದು ಅಪ್ಪ ನನ್ನನ್ನು ಕೇಳಿದ. ಅಕ್ಕೋರೇ ನಡುವೆ ಬಾಯಿ ಹಾಕಿ, ಹುಡುಗರ ಮನಸ್ಸು ವರ್ಷದಲ್ಲಿ ಬದಲಾಗುತ್ತದೆ ಬಿಡಿ ಎಂದು ಮಾತು ಮುಗಿಸಿದರು. ಅದು ನನಗಾಗಿ ಅವರು ಹೇಳಿದ ಎರಡನೆಯ ಸುಳ್ಳು. ದ್ವೇಷಿಸಲು ಒಂದು ನೆಪವನ್ನೂ ನನಗೆ ಉಳಿಸಲಿಲ್ಲ ಆ ಹೆಂಗಸು.

ಕಿವಿ ಕೇಳಿಸದವರು ಮಾತು ಬಿಟ್ಟರೆ ಹೇಗಿರುತ್ತದೆ ಗೊತ್ತೇ? ನಾನು ಎದುರು ಬಂದಾಗಲೆಲ್ಲ ತಮ್ಮ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದ. ರಾಮದುರ್ಗದ ಬಸ್ಸು ಹತ್ತಿದ್ದೂ ಹಾಗೆಯೇ. ರಂಜಾನ್ ಹಬ್ಬಕ್ಕೆ ಬಂದವನು ಅಂಗಳದ ಆಚೆಯಿಂದ ಜಡೆ ಎಳೆದಂತೆ ಮಾಡಿ, ಖಾಲಿ ಬಟ್ಟಲು ತೋರಿಸಿ, ಇನ್ನೊಂದಿಷ್ಟು ಶಾವಿಗೆಯ ಸುರಕುಂಬಾ ಹಾಕು ಎಂದ. ನಾನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ. ಅಕ್ಕನ ಮೇಲಿನ ಸಿಟ್ಟು ಬಿಡು ಎಂದು ಅಕ್ಕೋರು ಬುದ್ಧಿ ಹೇಳಿದ್ದರಂತೆ, ಆಮೇಲೆ ಅವನೇ ತಿಳಿಸಿದ. ಹಬ್ಬದ ಸಿಹಿ ಅಲ್ಲಿಗೇ ಕಹಿಯಾಯಿತು. ಕ್ಷಮೆಯೂ ಅವರ ಕಡೆಯಿಂದಲೇ ಬರಬೇಕಿತ್ತೇ?

ಅವನ ಪದವಿಯ ಕೊನೆಯ ವರ್ಷ ನಾನೊಮ್ಮೆ ಆ ಕಾಲೇಜಿಗೆ ಹೋದೆ. ಏನಾದರೂ ಕೊರತೆ ಕಣ್ಣಿಗೆ ಬೀಳಲಿ ಎಂದೇ ಹೋದದ್ದು. ಕಿಟಕಿಯಲ್ಲಿ ನಿಂತು ನೋಡಿದೆ. ಪಾಠ ಹೇಳುವವರು ಬೋರ್ಡಿನ ಮೇಲೆ ಬರೆದು, ತಿರುಗಿ ನಿಂತು, ಆಮೇಲೆ ಮಾತಾಡುತ್ತಿದ್ದರು. ಮೊದಲು ಅವರೆಲ್ಲ ಬೋರ್ಡಿನ ಜೊತೆಗೇ ಮಾತಾಡುತ್ತಿದ್ದರಂತೆ. ಅಕ್ಕೋರು ತಿಂಗಳುಗಟ್ಟಲೆ ಹಿಂದಿನ ಬೆಂಚಿನಲ್ಲಿ ಕುಳಿತು, ಒಬ್ಬೊಬ್ಬರ ಬೆನ್ನು ಹತ್ತಿ, ಕೆಲವರ ಮುನಿಸು ಕಟ್ಟಿಕೊಂಡು ಅವರನ್ನು ತಿರುಗಿಸಿ ನಿಲ್ಲಿಸಿದ್ದರು. ತುಟಿ ಕಂಡದ್ದು ನನ್ನ ತಮ್ಮನಿಗೆ. ಆದರೆ ಪಾಠ ತಿಳಿಯತೊಡಗಿದ್ದು ಕಿವಿ ಚೆನ್ನಾಗಿದ್ದೂ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರಿಗೆ ಕೂಡ.

ತಮ್ಮನ ಪಕ್ಕದಲ್ಲಿ ಸಿರಸಂಗಿ ಕಡೆಯ ಒಬ್ಬ ಹುಡುಗಿ. ಅವಳ ನೋಟ್‌ಬುಕ್ಕಿನ ಹಾಳೆಯ ಕೆಳಗೆ ಒಂದು ಕಾರ್ಬನ್ ಹಾಳೆ. ಅವಳು ಮೇಲೆ ಬರೆದದ್ದೆಲ್ಲ ಅಲ್ಲಿಂದಲ್ಲಿಗೇ ಕೆಳಗೆ ಅವನಿಗೆ ಸಿಗುತ್ತಿತ್ತು. ಅವಳು ಹಿಂದೆ ಎರಡು ಸಲ ಫೇಲಾಗಿ ಕಾಲೇಜು ಬಿಡಲಿದ್ದವಳಂತೆ. ಇನ್ನೊಬ್ಬರು ಓದುವುದಿದೆ ಎಂದಾಗ ಗಮನವಿಟ್ಟು ಕೇಳಬೇಕಾಯಿತು, ತಿಳಿಯುವಂತೆ ಬರೆಯಬೇಕಾಯಿತು, ಬರೆಯುತ್ತ ಬರೆಯುತ್ತ ಪಾಸೂ ಆದಳು. ಪ್ರತಿ ತರಗತಿಯಲ್ಲೂ ಅಕ್ಕೋರು ಇಂಥ ಜೋಡಿಗಳನ್ನು ಕೂರಿಸಿದ್ದರು. ಯಾರಿಗೆ ಯಾರು ನೆರವಾಗುತ್ತಿದ್ದಾರೆ ಎಂದು ಹೇಳುವುದೇ ಕಷ್ಟ. ಕಾರ್ಬನ್ ಹಾಳೆಯನ್ನು ನಾನು ದಿನಾ ಟೈಪ್ ಯಂತ್ರಕ್ಕೆ ಹಾಕುತ್ತಿದ್ದೆ. ಇದು ಮಾತ್ರ ನನಗೆ ನಿಜಕ್ಕೂ ಹೊಳೆದಿರಲಿಲ್ಲ.

ಮಧ್ಯಾಹ್ನ ಅಕ್ಕೋರು ಗ್ರಂಥಾಲಯದ ಮೆಟ್ಟಿಲ ಮೇಲೆ ಕುಳಿತು ಡಬ್ಬಿ ಬಿಚ್ಚಿದ್ದರು. ಪಕ್ಕದಲ್ಲಿ ಕುಳಿತು ಕೇಳಿಯೇಬಿಟ್ಟೆ, ಅವತ್ತು ಯಾಕೆ ಸುಮ್ಮನಿದ್ದಿರಿ ಎಂದು.

"ನಿನ್ನ ಸುಳ್ಳಬುರಕಿ ಮಾಡಿ ನಾ ಬಸ್ ಹತ್ತಿ ಬಂದಬಿಡತಿದ್ದೆ," ಎಂದರು. "ಆಮ್ಯಾಲೆ ಆ ಮನ್ಯಾಗ ಅವನ ಮಾತ ಹೇಳಾಕ ಯಾರ ಇರತಿದ್ರವಾ?"

ರೊಟ್ಟಿ ಮುರಿಯುತ್ತ, "ತಪ್ಪ ನಂದೂ ಐತಿ. ಹತ್ತ ವರ್ಷ ಹುಡುಗಗ ಕಲಿಸಿದೆ, ಅವನ ಮನಿಯವರಿಗೆ ಕಲಿಸಲಿಲ್ಲ. ಎಲ್ಲಾ ಭಾರ ನಿನ್ನೊಬ್ಬಾಕಿ ಮ್ಯಾಲೆ ಬಿಟ್ಟೆ" ಎಂದರು.

ಅವರ ದನಿ ಮೆತ್ತಗಿತ್ತು. ಆ ಧೈರ್ಯದ ಮೇಲೆ ನಾನು ಇನ್ನೊಂದು ಕೇಳಿದೆ. ಹಾಸ್ಟೆಲ್ಲಿನಲ್ಲಿ ಅವನು ನನ್ನನ್ನು ನೆನೆಸುತ್ತಿದ್ದನೇ? ಮೊದಲ ಎಂಟು ದಿನ ಜಡೆ ಎಳೆದು ತೋರಿಸಿ ತೋರಿಸಿ ಅತ್ತ, ಆಮೇಲೆ ಆಟದಲ್ಲಿ ಬಿದ್ದ ಎಂದರು. ಎಂಟೇ ದಿನ. ಇನ್ನೆರಡು ದಿನ ಸೇರಿಸಿ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅರ್ಧ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಾಕಿ ನನ್ನ ಕೈಗೆ ಕೊಟ್ಟರು. ಸಿಟ್ಟಿನಲ್ಲೇ ತಿಂದೆ. ರುಚಿಯಾಗಿತ್ತು.

ತಮ್ಮ ಪದವಿ ಮುಗಿಸಿದ. ಸವದತ್ತಿಯ ಸರ್ಕಾರಿ ಕಚೇರಿಯೊಂದರಲ್ಲಿ ನೌಕರಿ ಸಿಕ್ಕಿತು, ಈಗಲೂ ಅಲ್ಲಿಯೇ ಇದ್ದಾನೆ. ಅಪ್ಪ ಹೋಗುವ ತನಕ ಅವರಿಬ್ಬರೂ ಸೊಟ್ಟ ಬೆರಳುಗಳಲ್ಲೇ ಹರಟೆ ಹೊಡೆದರು. ಅಕ್ಕೋರು ನಿವೃತ್ತರಾಗಿ ರಾಮದುರ್ಗದಲ್ಲೇ ಉಳಿದರು. ನಾನು ಹೋಗಿ ನೋಡಬೇಕು ಎಂದುಕೊಳ್ಳುತ್ತಿದ್ದೆ... ಹೋಗಲಿಲ್ಲ. ತಮ್ಮ ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಹೋಗುತ್ತಿದ್ದ. ಅದಕ್ಕೂ ಉರಿದುಕೊಂಡೆ.

ಹೋದ ವರ್ಷ ಅವರು ತೀರಿಕೊಂಡರು. ಕಾಲೇಜಿನಲ್ಲಿ ಶೋಕಸಭೆ ಇತ್ತು. ಒಂದು ಬದಿಗೆ ಕಾಲೇಜಿನ ಹಳೆಯ ವಿದ್ಯಾರ್ಥಿಗಳು, ಇನ್ನೊಂದು ಬದಿಗೆ ಕಿವುಡ ಮಕ್ಕಳ ಶಾಲೆಯಲ್ಲಿ ಕಲಿತವರು. ಆ ಶಾಲೆ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಅಲ್ಲಿ ಕಲಿಸಿದವರು ಬೇರೆ ಯಾರೂ ಬಂದಿರಲಿಲ್ಲ. ತಮ್ಮ ವೇದಿಕೆ ಹತ್ತಿದ. ಹತ್ತಿ, ಮೂರನೆಯ ಸಾಲಿನಲ್ಲಿದ್ದ ನನ್ನನ್ನು ಬಾ ಎಂದು ಕರೆದ. ನಾನು ಏನು ಹೇಳುತ್ತೇನೆ ಎಂಬುದು ಅವನಿಗೆ ಕೇಳಿಸುವುದಿಲ್ಲ. ಹಿಂದೆ ಏನು ಹೇಳಿದ್ದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ನನ್ನನ್ನೇ ಕರೆದ.

ನನಗೆ ಅನುಕೂಲವಾಗಲಿ ಎಂದು ನಿಧಾನವಾಗಿ ಕೈಯಾಡಿಸಿದ. ನಾನು ಒಂದೊಂದನ್ನೇ ಮೈಕಿನಲ್ಲಿ ಹೇಳುತ್ತ ಹೋದೆ. ಕೊನೆಗೆ ಅವನು ಹೇಳಿದ್ದು ಇದು. ನಿನಗೆ ಏನು ಬೇಕು ಎಂದು ನನ್ನನ್ನು ಮೊದಲು ಕೇಳಿದವರು ಇವರು, ಇವರಿಗಿಂತ ಮೊದಲು ನನ್ನನ್ನು ಯಾರೂ ಕೇಳಿರಲಿಲ್ಲ.

ನಾನು ತಡೆದು ನಿಂತೆ. ಹುಟ್ಟಿದಾಗಿನಿಂದ ಅವನ ಬೇಕು ಬೇಡಗಳನ್ನು ಕೇಳಿದವಳು ನಾನೇ ಎಂದು ಆ ಕ್ಷಣದ ತನಕ ನಂಬಿದ್ದೆ. ಮೊದಲು ಎಂಬಲ್ಲಿ ಪ್ರೀತಿಯಿಂದ ಎಂದು ಹೇಳಿ, ಕೊನೆಯ ತುಣುಕು ಬಿಟ್ಟಿದ್ದರೆ ಸಾಕಿತ್ತು. ಸಭೆಗೂ ಚೆನ್ನಾಗಿ ಕೇಳುತ್ತಿತ್ತು. ಕಿವಿ ಕೇಳಿಸುವವರಿಗೆ ಅವನ ಕೈ ತಿಳಿಯದು, ಕೈ ತಿಳಿಯುವವರಿಗೆ ನನ್ನ ಮಾತು ಕೇಳಿಸದು, ಮೈಕಿನ ಮರೆಯಲ್ಲಿ ತುಟಿಯೂ ಕಾಣದು. ಎರಡನ್ನೂ ಬಲ್ಲವರು ಹೋಗಿಬಿಟ್ಟಿದ್ದರು.

ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ಮೊದಲು ಎನ್ನುವಾಗ ದನಿ ಒಡೆಯಿತು. ಜನ ಅದನ್ನು ದುಃಖ ಎಂದುಕೊಂಡರು. ದುಃಖವೂ ಇತ್ತು.

ಈಗಲೂ ದವಾಖಾನೆಯಲ್ಲಿ, ಬ್ಯಾಂಕಿನಲ್ಲಿ ಒಮ್ಮೊಮ್ಮೆ ತಮ್ಮನ ಮಾತನ್ನು ನಾನೇ ಹೇಳಬೇಕಾಗುತ್ತದೆ. ನಾನು ತಪ್ಪು ಹೇಳಿದರೆ ಹಿಡಿಯುವವರು ಯಾರೂ ಇಲ್ಲ. ಅವರು ಬದುಕಿದ್ದಾಗ ಸುಳ್ಳು ಹೇಳಲು ನನಗೆ ಇಷ್ಟು ಹೆದರಿಕೆ ಇರಲಿಲ್ಲ.